ಎಲಿಮಗುವಿನ ಜಾಡು ಹಿಡಿದು ಮೂರು ದಿನ

ಕುಂದಾಪುರದ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಬೆಳಗಿನ ಆರೂವರೆ. ಫೆಬ್ರವರಿಯ ಕೊನೆಯ ವಾರ. ಮುಂಬೈಯಲ್ಲಿ ಆಗಲೇ ಸೆಕೆ ಶುರುವಾಗಿತ್ತು. ಇಲ್ಲಿ ಬೆಳಗಿನ ಹೊತ್ತು ಶಾಲು ಹೊದೆಯುವಷ್ಟು ತಂಪು. ನಿಲ್ದಾಣ ಪೇಟೆಯಿಂದ ದೂರ ಇರುವುದರಿಂದ ಅಲ್ಲಿ ರಿಕ್ಷಾದವರು ಹೇಳಿದ್ದೇ ದರ. ಬೀಜಾಡಿಗೆ ಎಷ್ಟು ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದ್ದು ನನ್ನ ತಪ್ಪು. ನಾನೂರು ಎಂದ. "ಎಂತ ಮಾರಾಯಾ, ನಾ ಹುಟ್ಟಿದ್ದೇ ಬೀಜಾಡಿಯಂಗೆ. ನಂಗೇ ಟೋಪಿ ಹಾಕ್ತ್ಯಾ?" ಎಂದೆ. ಅವನು ಹಲ್ಲು ಕಿರಿದು, "ಊರೋರಾ? ಮೊದ್ಲೇ ಹೇಳುಕಾಗ್ದಾ? ಮುನ್ನೂರ್ ಕೊಡಿ, ಕೂಕಣಿ" ಎಂದು ಹಿಂದಿನ ಸೀಟು ತೋರಿಸಿದ. ಊರಿನ ಭಾಷೆ ಬಾಯಲ್ಲಿ ಇಟ್ಟುಕೊಂಡದ್ದಕ್ಕೆ ನೂರು ರೂಪಾಯಿ ಉಳಿಯಿತು.

ನಾನು ಗಿರಿಜಾ. ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಟೀಚರಾಗಿದ್ದೆ. ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ಕೆಂಪು ಶಾಯಿ ಬೆರಳಿಗೆ ಹತ್ತಿಹೋಗಿದೆ, ಸ್ವಭಾವಕ್ಕೂ ಹತ್ತಿದೆ ಎಂದು ತಮ್ಮ ಶೀನ ಹೇಳುತ್ತಾನೆ. ಮದುವೆಯಾಗಲಿಲ್ಲ. ಊರಿಗೆ ಎರಡು ಮೂರು ವರ್ಷಕ್ಕೊಮ್ಮೆ ಬಂದು, ನಾಲ್ಕು ದಿನ ಇದ್ದು, ಒಣಮೀನು ಕಟ್ಟಿಸಿಕೊಂಡು ಹೋಗುವವಳು. ಈ ಸಲ ಬಂದದ್ದು ಮೀನಿಗಲ್ಲ. ಶೀನ ಫೋನು ಮಾಡಿದ್ದ: "ಅಕ್ಕ, ಡಾಕ್ಟ್ರ್ ಹಳೇ ಸಂಬಂಧ ಎಲ್ಲ ಕೇಂತ್ರ್. ನಂಗೆ ಒಂದೂ ಗೊತ್ತಿಲ್ಲೆ. ನೀನೇ ಬರ್ಕ್."

ಸಂಗತಿ ಇಷ್ಟು. ಶೀನನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸುಜಾತಳನ್ನು ಆರು ವರ್ಷದ ಹಿಂದೆ ಉಪ್ಪುಂದದ ರಾಘವನ ಮಗ ಗಣೇಶನಿಗೆ ಕೊಟ್ಟಿದ್ದರು. ಅವರ ಮಗಳು ಆದ್ಯ, ನಾಲ್ಕು ವರ್ಷ. ಹುಟ್ಟುವಾಗಲೇ ಅವಳ ಒಂದು ಕಾಲಿನ ಮೇಲೆ ಚರ್ಮ ಇರಲಿಲ್ಲ. ಮುಟ್ಟಿದಲ್ಲಿ, ಉಜ್ಜಿದಲ್ಲಿ, ಅಂಗಿಯ ಹೊಲಿಗೆ ತಾಗಿದಲ್ಲಿ ನೀರುಗುಳ್ಳೆ ಏಳುತ್ತದೆ, ಒಡೆದು ಹುಣ್ಣಾಗುತ್ತದೆ. ಇದು ಹುಟ್ಟಿನಿಂದ ಬಂದದ್ದು, ಮನೆತನದಲ್ಲಿ ಹರಿಯುವಂಥದ್ದು ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿತ್ತು. ಈಗ ಶೀನನ ಎರಡನೆಯವಳು ರಮ್ಯಳಿಗೂ ಗಣೇಶನ ತಮ್ಮ ಪ್ರಕಾಶನಿಗೂ ಮುಂದಿನ ತಿಂಗಳು ನಿಶ್ಚಯ. ಹುಡುಗ ಹುಡುಗಿ ಒಪ್ಪಿಯೇ ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಇಬ್ಬರ ರಕ್ತವನ್ನೂ ನೋಡೋಣ, ಎರಡು ಮನೆಗೆ ಹಳೆಯ ನಂಟಿದೆಯೇ ವಿಚಾರಿಸಿ ಎಂದು ಡಾಕ್ಟರರು ಹೇಳಿದ್ದರು. ಉಪ್ಪುಂದದವರಿಗೆ ಅಲ್ಲಿಗೇ ಮೂಗಿನ ತುದಿಗೆ ಸಿಟ್ಟು ಬಂತು. ನಮ್ಮ ರಕ್ತದಲ್ಲಿ ದೋಷ ಇದೆ ಅಂತ ಹೇಳ್ತೀರಾ, ಪರೀಕ್ಷೆಗೆ ಕಳಿಸುವುದಿಲ್ಲ, ಬೇಕಿದ್ದರೆ ಮದುವೆ ಬಿಡಿ ಎಂದುಬಿಟ್ಟಿದ್ದರು.

ಬೀಜಾಡಿಯ ಮನೆ ಸಮುದ್ರದಿಂದ ಇನ್ನೂರು ಹೆಜ್ಜೆ. ಮೊದಲು ತೆಂಗಿನ ಮಡಲಿನ ಮಾಡು ಇತ್ತು, ಆಮೇಲೆ ಹಂಚು, ಈಗ ಟೆರೇಸು. ಅಲೆಯ ಸದ್ದು ಮಾತ್ರ ನಾನು ಬಿಟ್ಟುಹೋದ ಹಾಗೆಯೇ ಇದೆ. ಶೀನನ ಹೆಂಡತಿ ನೀರುದೋಸೆಯೂ ಬಂಗಡೆ ಸಾರೂ ಬಡಿಸಿದಳು. ಮುಂಬೈಯಲ್ಲಿ ಅದೇ ಬಂಗಡೆ, ಅದೇ ಮಸಾಲೆ ಹಾಕಿ ಮಾಡಿದರೂ ಈ ರುಚಿ ಬರುವುದಿಲ್ಲ. ನೀರಿನ ಗುಣ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಐದು ದೋಸೆ ತಿಂದೆ.

ತಿಂದು ಕೈ ತೊಳೆಯುವ ಹೊತ್ತಿಗೆ, ಸುಜಾತಳ ಜೊತೆ ಅಜ್ಜನ ಮನೆಗೆ ಬಂದಿದ್ದ ಆದ್ಯ ಎದ್ದು ಬಂದಳು. ಮೊಣಕೈ, ಮೊಣಕಾಲು, ಪಾದಕ್ಕೆಲ್ಲ ಅಂಟದ ಜಾತಿಯ ಬಿಳಿ ಪಟ್ಟಿ. ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಡಿಸಿದ್ದರು, ಹೊಲಿಗೆ ತಾಗಬಾರದೆಂದು. ನನ್ನನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಂದೆ ಚಾಚಿ, "ಅಜ್ಜಿ, ಎಳೂಕಾಗ. ಕಂಕ್ಳಂಗೆ ಹಿಡುಕಾಗ" ಎಂದಳು. ಹೊಸಬರು ಪ್ರೀತಿಯಿಂದ ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಾರೆ, ಆಮೇಲೆ ಒಂದು ವಾರ ಮಗು ನರಳುತ್ತದೆ ಎಂದು ಸುಜಾತ ಹೇಳಿದಳು. ನಾನು ನೆಲಕ್ಕೆ ಕೂತೆ. ಒಂದು ಅಂಗೈಯನ್ನು ಮಗುವಿನ ಕುಂಡೆಯ ಕೆಳಗೆ, ಇನ್ನೊಂದನ್ನು ಕತ್ತಿನ ಹಿಂದೆ, ಉಜ್ಜದೆ ಜಾರಿಸದೆ ಒತ್ತಿಟ್ಟು, ಅವಳೇ ತನ್ನ ಭಾರ ಬಿಡುವವರೆಗೆ ಕಾದು, ಎತ್ತಿಕೊಂಡೆ. ಮಗು ಅಳಲಿಲ್ಲ. ನನ್ನ ಮುಖವನ್ನೇ ನೋಡಿತು.

"ಅತ್ತಿ, ನಿಮ್ಗಿದ್ ಯಾರ್ ಹೇಳ್ಕೊಟ್ರ್?" ಎಂದಳು ಸುಜಾತ. "ಆಸ್ಪತ್ರಿಯಂಗೆ ನಂಗೆ ಕಲೂಕೆ ಒಂದ್ ತಿಂಗ್ಳ್ ಹಿಡೀತ್."

"ಬಾಬು" ಎಂದೆ.

ಬಾಬು ನನ್ನ ತಮ್ಮ, ಶೀನನಿಗಿಂತ ದೊಡ್ಡವನು. ಐದು ವರ್ಷ ಬದುಕಿದ್ದ. ಅವನು ಹೋದಾಗ ನನಗೆ ಹನ್ನೊಂದು, ಶೀನ ಇನ್ನೂ ತೊಟ್ಟಿಲಲ್ಲಿದ್ದ. ಈ ಮಗುವಿಗೆ ಏನಿದೆಯೋ ಅವನಿಗೂ ಅದೇ ಇತ್ತು. ಆಗ ಅದಕ್ಕೆ ಹೆಸರಿರಲಿಲ್ಲ. ಅಮ್ಮ ಹಟ್ಟಿಯಂಗಡಿಗೆ ಹರಕೆ ಹೇಳಿದಳು, ಶಂಕರನಾರಾಯಣಕ್ಕೆ ಹೋಗಿ ಬಂದಳು, ಕಂಡವರು ಹೇಳಿದ ಸೊಪ್ಪೆಲ್ಲ ಅರೆದಳು. ಕೊನೆಗೆ ಆಸರೆಯಾದದ್ದು ಬಾಳೆಯ ಕುಡಿ ಎಲೆ. ಇನ್ನೂ ಬಿಚ್ಚಿಕೊಳ್ಳದ ಸುರುಳಿ ಎಲೆಯನ್ನು ದಿನಾ ಬೆಳಿಗ್ಗೆ ಕೊಯ್ದು ತರುವುದು ನನ್ನ ಕೆಲಸ. ಅದನ್ನು ಕೆಂಡದ ಮೇಲೆ ಹಿಡಿದು ಬಾಡಿಸಿ, ತೆಂಗಿನೆಣ್ಣೆ ಸವರಿ, ಚಾಪೆಯ ಮೇಲೆ ಹಾಸಿ ಬಾಬುವನ್ನು ಮಲಗಿಸುತ್ತಿದ್ದಳು. ಹುಣ್ಣು ಎಲೆಗೆ ಅಂಟುತ್ತಿರಲಿಲ್ಲ. ಅವನು ಎಲೆಯ ಮೇಲೆ ಮಲಗಿ, ನಾನು ಶಾಲೆಯಿಂದ ತಂದ ಮಗ್ಗಿಯನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ. ಹದಿಮೂರರ ಮಗ್ಗಿಯಲ್ಲಿ ಮಾತ್ರ ಪ್ರತಿದಿನ ಒಂದೇ ಜಾಗದಲ್ಲಿ ಮುಗ್ಗರಿಸುತ್ತಿದ್ದ. ಅಮ್ಮ ಅವನನ್ನು "ನನ್ ಎಲಿಮಗು" ಎನ್ನುತ್ತಿದ್ದಳು. ಆ ಮಾತನ್ನು ಅವಳ ಬಾಯಲ್ಲಲ್ಲದೆ ಬೇರೆ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ.

ಊಟದ ನಂತರ ಸುಜಾತ ಮಗುವಿನ ವರದಿ ತಂದು ನನ್ನ ಮುಂದಿಟ್ಟಳು. ಓದಲು ಬಾರದ ಅಕ್ಷರಗಳ ಸಾಲು. ಡಾಕ್ಟರರು ಹೇಳಿದ್ದನ್ನು ಅವಳು ಚೆನ್ನಾಗಿ ತಿಳಿದುಕೊಂಡಿದ್ದಳು. ಮೇಲಿನ ಚರ್ಮವನ್ನು ಕೆಳಗಿನ ಚರ್ಮಕ್ಕೆ ಹಿಡಿದಿಡುವ ಕಣ್ಣಿಗೆ ಕಾಣದ ಕೊಂಡಿಗಳಿರುತ್ತವೆ. ಅವನ್ನು ಹೇಗೆ ಮಾಡಬೇಕೆಂದು ನಮ್ಮ ಮೈಯೊಳಗೆ ಬರೆದಿರುತ್ತದೆ, ಎರಡು ಪ್ರತಿ: ಒಂದು ತಾಯಿಯದು, ಒಂದು ತಂದೆಯದು. ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಅಂಥವರಿಗೆ ಏನೂ ಆಗುವುದಿಲ್ಲ, ತಪ್ಪು ಇದೆಯೆಂದೇ ಗೊತ್ತಾಗುವುದಿಲ್ಲ. ಎರಡರಲ್ಲೂ ತಪ್ಪಿದ್ದರೆ ಕೊಂಡಿಯೇ ಇಲ್ಲ.

"ಆದ್ಯಂಗೆ ಎರಡ್ರಂಗೂ ಒಂದೇ ತಪ್ಪಂಬ್ರ್ ಅತ್ತಿ" ಎಂದಳು. "ಒಂದೇ ಜಾಗ್ದಂಗೆ, ಒಂದೇ ಅಕ್ಷರ."

ನನಗೆ ಇನ್ನು ಹೆಚ್ಚಿಗೆ ಹೇಳಬೇಕಾಗಲಿಲ್ಲ. ಇಬ್ಬರು ಮಕ್ಕಳ ಉಕ್ತಲೇಖನದಲ್ಲಿ ತಪ್ಪಿದ್ದರೆ ಅದು ಸಹಜ. ಇಬ್ಬರೂ ಒಂದೇ ಪದದಲ್ಲಿ ಒಂದೇ ಅಕ್ಷರವನ್ನು ಒಂದೇ ರೀತಿಯಲ್ಲಿ ತಪ್ಪು ಬರೆದಿದ್ದರೆ ಮೂರನೆಯ ಒಂದು ಪುಸ್ತಕ ನೋಡಿ ಬರೆದಿದ್ದಾರೆಂದು ಯಾವ ಟೀಚರಿಗೂ ಗೊತ್ತು. ಆ ಮೂರನೆಯ ಪುಸ್ತಕ ಯಾವುದು?

"ಹ್ಯಾಂಗ್ ಆತ್ತ್ ಅಕ್ಕ?" ಎಂದ ಶೀನ. "ಅವ್ರ್ ಬಳಿಯೇ ಬೇರೆ, ನಮ್ ಬಳಿಯೇ ಬೇರೆ. ಡಾಕ್ಟ್ರ್ ಕೇಂಡ್ರ್, ಸಂಬಂಧದಂಗೆ ಮದಿಯಾ ಅಂದ್ಕಂಡ್. ಅಲ್ಲ ಅಂದ್ಯ."

ಇಲ್ಲಿ ಬಳಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬಳಿ ತಾಯಿಯಿಂದ ಬರುತ್ತದೆ. ಒಂದೇ ಬಳಿಯವರು ಒಡಹುಟ್ಟಿದವರ ಹಾಗೆ, ಮದುವೆ ಕೂಡದು. ಆದರೆ ಅಣ್ಣನ ಮಕ್ಕಳು ಅತ್ತಿಗೆಯ ಬಳಿ, ತಂಗಿಯ ಮಕ್ಕಳು ತಂಗಿಯ ಬಳಿ. ಅವರಿಬ್ಬರು ಧಾರಾಳವಾಗಿ ಮದುವೆಯಾಗಬಹುದು. ನನ್ನ ಅಪ್ಪ ಅಮ್ಮನೂ ಅಣ್ಣ ತಂಗಿಯ ಮಕ್ಕಳೇ, ಅಪ್ಪ ಅಜ್ಜಿಯ ಅಣ್ಣನ ಮಗ. ಅದನ್ನು ಸಂಬಂಧದಲ್ಲಿ ಮದುವೆ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಬಳಿ ಬೇರೆ, ಅಲ್ಲಿಗೆ ಮಾತು ಮುಗಿಯಿತು.

ಅಮ್ಮ ಉಪ್ಪುಂದದ ಮನೆಯನ್ನು "ಹಳೇ ನಂಟ್ರ್ ಮನಿ" ಎನ್ನುತ್ತಿದ್ದದ್ದು ನನಗೆ ನೆನಪಿತ್ತು. ಯಾವ ನಂಟು ಎಂದು ಕೇಳುವ ವಯಸ್ಸಿನಲ್ಲಿ ನಾನು ಕೇಳಲಿಲ್ಲ. ಕೇಳಬೇಕೆನಿಸಿದಾಗ ಆ ಮನೆಯ ಹೆಸರೆತ್ತುವುದೇ ನನಗೆ ಬೇಡವಾಗಿತ್ತು. ಯಾಕೆಂದು ಮುಂದೆ ಬರೆಯುತ್ತೇನೆ.

ಎರಡನೆಯ ದಿನ ಬೆಳಿಗ್ಗೆ ಕುಂದಾಪುರದಿಂದ ಬೈಂದೂರು ಕಡೆಯ ಬಸ್ಸು ಹತ್ತಿದೆ. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಂತೆ. ನನ್ನ ಆಧಾರ್ ಕಾರ್ಡು ಮಹಾರಾಷ್ಟ್ರದ್ದು. ಪಕ್ಕದ ಸೀಟಿನ ಹೆಂಗಸು ಟಿಕೆಟಿಲ್ಲದೆ ಗತ್ತಿನಲ್ಲಿ ಕೂತಿರುವಾಗ ನಾನು ಪರ್ಸು ತೆಗೆದೆ. ಹೆಮ್ಮಾಡಿ ದಾಟಿ ತ್ರಾಸಿಯಲ್ಲಿ ಸಮುದ್ರ ಕಂಡಿತು. ಮರವಂತೆಯಲ್ಲಿ ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ರಸ್ತೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನಾನು ಸಣ್ಣವಳಿದ್ದಾಗ ಇದು ಇಕ್ಕಟ್ಟು ರಸ್ತೆ. ಮಳೆಗಾಲದಲ್ಲಿ ಅಲೆಯ ನೀರು ಬಸ್ಸಿನ ಕಿಟಕಿಗೇ ಹಾರುತ್ತಿತ್ತು, ನಾವು ಬೇಕೆಂದೇ ಎಡಗಡೆ ಕೂರುತ್ತಿದ್ದೆವು. ಈಗಲೂ ಎಡಗಡೆಯೇ ಕೂತಿದ್ದೆ. ಚತುಷ್ಪಥವಾದ ಮೇಲೆ ನೀರು ಹಾರುವ ಮಾತೇ ಇಲ್ಲ.

ನಲವತ್ತು ವರ್ಷದ ಹಿಂದೆ ಇದೇ ದಾರಿಯಲ್ಲಿ ಅಮ್ಮ ಒಬ್ಬಳೇ ಹೋಗಿ ಬಂದಿದ್ದಳು. ಉಪ್ಪುಂದದ ರಾಘವನಿಗೆ ನನ್ನನ್ನು ಕೇಳಲು. ರಾಘವ ಆಗ ದೋಣಿಯಲ್ಲಿ ಹೋಗುತ್ತಿದ್ದ, ಕೋಟೇಶ್ವರದ ಸಂತೆಯಲ್ಲಿ ಎರಡು ಸಲ ಕಂಡಿದ್ದೆ, ಮಾತಾಡಿದ್ದು ಒಮ್ಮೆ. ಚೀಲ ಹೊತ್ತುಕೊಡಲಾ ಎಂದು ಕೇಳಿದ್ದ, ಬೇಡ ಎಂದಿದ್ದೆ. ಅಷ್ಟಕ್ಕೇ ನನಗೆ ಒಂದು ತಿಂಗಳು ನಿದ್ದೆ ಇರಲಿಲ್ಲ. ಅಮ್ಮ ಮರಳಿ ಬಂದು, "ಜಾತಕ ಕೂಡ್ಲಿಲ್ಲಂಬ್ರ್" ಎಂದು ಹೇಳಿ ಒಳಗೆ ಹೋದಳು. ನನಗೆ ಅದು ಹೊಡೆದ ಹಾಗಾಯಿತು. ನಾನು ಕಪ್ಪು, ನನ್ನ ಬಾಯಿ ಜೋರು, ಅದಕ್ಕೇ ಬೇಡ ಎಂದಿದ್ದಾರೆ ಎಂದುಕೊಂಡೆ. ಮರುವರ್ಷ ಮುಂಬೈಗೆ ಚಿಕ್ಕಮ್ಮನ ಮನೆಗೆ ಹೊರಟವಳು ಅಲ್ಲಿಯೇ ಟೀಚರಾದೆ. ಸುಜಾತಳನ್ನು ಅದೇ ಮನೆಗೆ ಕೊಡುತ್ತೇವೆ ಎಂದಾಗ ನಾನು ಮದುವೆಗೆ ಬರಲಿಲ್ಲ, ಪರೀಕ್ಷೆ ಪೇಪರು ತಿದ್ದಲಿಕ್ಕಿದೆ ಎಂದು ಸುಳ್ಳು ಹೇಳಿದೆ.

ಉಪ್ಪುಂದದಲ್ಲಿ ಇಳಿದು ಕಡಲಿನ ಕಡೆ ರಿಕ್ಷಾ ಹಿಡಿದೆ, ನಲವತ್ತು ರೂಪಾಯಿ. ಅಂಗಳದಲ್ಲಿ ಒಬ್ಬ ಬೋಳುತಲೆಯ ಗಂಡಸು ಬಲೆ ಹರಡಿಕೊಂಡು ಕೂತು ಹರಿದ ಕಣ್ಣು ಹೆಣೆಯುತ್ತಿದ್ದ. ತಲೆ ಎತ್ತಿ ನೋಡಿ, ಎದ್ದು, ಲುಂಗಿ ಇಳಿಸಿಕೊಂಡ. ಅದು ರಾಘವ. "ಬನಿ, ಬನಿ" ಎಂದ. ಮುಂದೆ ಏನು ಹೇಳಬೇಕೆಂದು ಗೊತ್ತಾಗದೆ ನನ್ನ ಕೈಯ ಚೀಲ ನೋಡಿ, "ಚೀಲ ಕೊಡಿ" ಎಂದ. ಈ ಸಲ ಕೊಟ್ಟೆ.

ಜಗಲಿಯಲ್ಲಿ ಅವನ ತಾಯಿ ದೇವಕಮ್ಮ ಕೂತಿದ್ದರು. ಎಂಬತ್ತೈದರ ಮೇಲೆ. ಕಣ್ಣು ಮಂಜು, ಕಿವಿ ಚುರುಕು. ನಾನು ಕುಡಿಯಲು ನೀರು ಕೇಳಿದ ಸ್ವರಕ್ಕೇ, "ಬೀಜಾಡಿ ಸೀತು ಮಗ್ಳಾ? ಅಬ್ಬಿ ಸ್ವರವೇ ಬಂದಿತ್ತ್ ನಿಂಗೆ" ಎಂದರು. ಇಲ್ಲಿಯವರಿಗೆ ಅಬ್ಬಿ ಎಂದರೆ ಅಮ್ಮ; ಸೀತು ನನ್ನ ಅಮ್ಮನ ಹೆಸರು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಖಾರದ ಮಾತುಗಳನ್ನು ನುಂಗಿಕೊಂಡು ಕೂತೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು, ತಗ್ಗಿದ ಸ್ವರದಲ್ಲಿ ಕೇಳಿದರು: "ಎಲಿಮಗು ಹ್ಯಾಂಗಿತ್ತ್?"

ಕೇಳಿದ್ದು ಆದ್ಯಳ ವಿಷಯ. ಅಮ್ಮ ಹೋದ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲು.

"ಈ ಮಾತ್ ನಿಮ್ಗೆ ಯಾರ್ ಹೇಳ್ದ್?" ಎಂದೆ.

"ಯಾರ್ ಹೇಳೂದ್? ನನ್ ಅಪ್ಪಯ್ಯ ಹೇಳ್ತಿದ್ದದ್ದ್. ಅವ್ರ್ ದೊಡ್ಡ್ ತಂಗಿ ನಿನ್ ಅಜ್ಜಿ, ಸೀತು ಅಬ್ಬಿ. ಸಣ್ಣ್ ತಂಗಿ ಒಂದ್ ಎಲಿಮಗು ಆಯಿತ್ತ್. ಅವ್ರೇ ಎಲಿ ಬಾಡ್ಸಿ ಹಾಸ್ತಿದ್ರಂಬ್ರ್. ಮತ್ತೆ ನಿಮ್ಮನಿಯಂಗೆ ಹುಟ್ದಾಗಳ್ ಸೀತುಗೆ ಹೇಳ್ಕೊಡೂಕೆ ಬೀಜಾಡಿಗ್ ಬಂದಿರ್. ನಿಂಗ್ ನೆನ್ಪಿಲ್ಯಾ?"

ನೆನಪಿತ್ತು. ಉಪ್ಪುಂದದ ಅಜ್ಜ. ಬಿಳಿ ಮೀಸೆ, ಸೊಂಟದಲ್ಲಿ ಕತ್ತಿ, ಚೀಲದಲ್ಲಿ ನಮಗೆ ಬೆಲ್ಲದ ಉಂಡೆ. ಅಂಗಳದ ಬಾಳೆಯ ಸುರುಳಿಯನ್ನು ಹೇಗೆ ಕೊಯ್ಯಬೇಕೆಂದು ನನಗೆ ತೋರಿಸಿಕೊಟ್ಟವರು ಅವರೇ. ಮುದುಕರನ್ನೆಲ್ಲ ಅಜ್ಜ ಎಂದು ಕರೆಯುವ ಊರಿನಲ್ಲಿ, ಅವರು ನಿಜವಾಗಿ ನನ್ನ ಅಜ್ಜಿಯ ಇನ್ನೊಬ್ಬ ಸ್ವಂತ ಅಣ್ಣ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೂರನೆಯ ಪುಸ್ತಕ ಸಿಕ್ಕಿತ್ತು. ಅಜ್ಜಿ ಬೀಜಾಡಿಯಲ್ಲಿ ಉಳಿದಳು, ಅವಳ ಈ ಅಣ್ಣ ಉಪ್ಪುಂದದಲ್ಲಿ ಮದುವೆಯಾಗಿ ಇಲ್ಲಿಯೇ ನಿಂತರು. ಇಬ್ಬರೂ ಒಂದೇ ತಾಯಿಯ ಪುಸ್ತಕ ನೋಡಿ ಬರೆದವರು.

"ಇಷ್ಟ್ ಗೊತ್ತಿದ್ದೂ ಎಂತಕ್ಕೆ ಹೇಳ್ಲಿಲ್ಲ?" ಎಂದೆ. ಸ್ವರ ಏರಿತ್ತು. ರಾಘವ ಬಲೆ ಕೆಳಗಿಟ್ಟು ನೋಡಿದ.

ದೇವಕಮ್ಮ ನನ್ನ ಕೈ ಬಿಡಲಿಲ್ಲ. ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ; ಹೆಣೆ ಎಂದರೆ ಹೆಣ್ಣೇ ಎಂದು ಕರೆಯುವುದು. "ಅಪ್ಪಯ್ಯ ಹೇಳಿರ್, ಇದ್ ನಮ್ ಬಳಿಗ್ ಬಂದದ್ದ್, ನನ್ ಮಕ್ಳಿಗ್ ಬತ್ತಿಲ್ಲೆ, ಅವ್ರ್ ಅಬ್ಬಿ ಬಳಿ ಅಂದ್ಕಂಡ್. ನಾ ಅದನ್ನೇ ನಂಬ್ದೆ. ನೀನ್ ಆ ಬಳಿ ಹೆಣ್ಣ್. ಸೀತು ರಾಘುಗೆ ನಿನ್ನ ಕೇಂಬುಕ್ ಬಂದಾಗಳ್ ಜಾತಕ ಕೂಡ್ಲಿಲ್ಲ ಅಂದೆ. ಜಾತಕ ಯಾರೂ ತೋರ್ಸ್ಲೇ ಇಲ್ಲೆ. ಎಲಿಮಗು ಹುಟ್ಟುಕಾಗ ಅಂದ್ಕಂಡ್ ನಾನೇ ಬ್ಯಾಡ ಅಂದೆ. ಸುಜಾತ ಹಾಂಗಲ್ಲ, ಅವ್ಳ್ ಅವ್ಳ್ ಅಬ್ಬಿ ಬಳಿ. ನಿನ್ ಬಳಿ ಅಲ್ಲ. ಧೈರ್ಯದಂಗೆ ತಂದ್ಕಂಡೆ. ಮತ್ತ್ ಹ್ಯಾಂಗ್ ಬಂತ್ ಹೆಣೆ? ನಾಕ್ ವರ್ಷ ಆಯ್ತ್, ನಂಗ್ ನಿದ್ರಿ ಇಲ್ಲೆ. ಯಾರ್ ಹತ್ರ ಕೇಂಬುದ್?"

ನಲವತ್ತು ವರ್ಷ ನಾನು ಹೊತ್ತ ಸಿಟ್ಟು ಒಂದು ನಿಮಿಷದಲ್ಲಿ ಎಲ್ಲಿ ಇಡುವುದೆಂದು ತಿಳಿಯದೆ ಕೂತೆ. ನಾನು ಕಪ್ಪೆಂದಲ್ಲ. ಬಾಯಿ ಜೋರೆಂದಲ್ಲ. ಬಾಬುವಿನ ಅಕ್ಕ ಎಂದು. ಅಳು ಬಂತು, ತಡೆಯಲಿಲ್ಲ. ಈ ಮುದುಕಿ ದುಷ್ಟೆಯಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮತ್ತೆ ಟೀಚರಾದೆ. ತಪ್ಪಿಗೆ ಬಳಿ ಗೊತ್ತಿಲ್ಲ, ಅದು ಮಗಳಿಗೂ ಹೋಗುತ್ತದೆ ಮಗನಿಗೂ ಹೋಗುತ್ತದೆ, ನಿಮ್ಮ ಅಪ್ಪಯ್ಯನಿಂದ ನಿಮಗೆ, ನಿಮ್ಮಿಂದ ರಾಘವನಿಗೆ, ಅವನಿಂದ ಗಣೇಶನಿಗೆ. ಆಚೆ ನನ್ನ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಶೀನನಿಗೆ, ಅವನಿಂದ ಸುಜಾತಳಿಗೆ ಎಂದು ಬೆರಳು ಮಡಚಿ ಹೇಳಿದೆ. ಚರ್ಮದ ಕೊಂಡಿಯ ವಿಷಯವನ್ನೂ ಹೇಳಿದೆ. ದೇವಕಮ್ಮನಿಗಿಂತ ಮೊದಲು ತಿಳಿದದ್ದು ರಾಘವನಿಗೆ. "ಅಂದ್ರೆ ಬಲೆಯನ್ನ ಹುರಿಗ್ ಕಟ್ಟೂ ಗಂಟೇ ಇಲ್ದಿದ್ದಾಂಗೆ" ಎಂದ. "ಇಬ್ರ್ ಗಂಟ್ ಹಾಕೂದಂಗೆ ಒಬ್ಬ ತಪ್ದ್ರೂ ಬಲೆ ನಿಲ್ಲತ್ತ್. ಇಬ್ರೂ ತಪ್ದ್ರೆ ಕಳಚ್ಕಂತ್ತ್. ಹಾಂಗಾ?" ಹಾಗೆಯೇ ಎಂದೆ. ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

"ಪ್ರಕಾಶಂಗೆ ನಾ ಹೇಳ್ತೆ" ಎಂದ ರಾಘವ. "ನಾಳೆ ಬ್ರಹ್ಮಾವರದ್ ಡಾಕ್ಟ್ರ್ ಹತ್ರ ಕಳ್ಸ್ತೆ. ದೋಷ ಅಂದ್ಕಂಡ್ ಸಿಟ್ಟ್ ಬಂದದ್ದ್. ಗಂಟ್ ಅಂದ್ರೆ ಕಾಂಬುಕೇನ್ ನಾಚ್ಕಿ?"

ಊಟಕ್ಕೆ ಕೊಚ್ಚಕ್ಕಿ ಅನ್ನ, ಸೀಗಡಿ ಸುಕ್ಕ, ಮಾವಿನ ಮಿಡಿ. ಹೊರಡುವಾಗ ದೇವಕಮ್ಮ ಮತ್ತೆ ಕೈ ಹಿಡಿದರು. "ಸಿಟ್ಟಿತ್ತಾ ಹೆಣೆ?"

"ಇತ್ತ್" ಎಂದೆ. "ಲೆಕ್ಕ ತಪ್ಪ್ ಮಾಡಿ ಉತ್ತರ ಸರಿ ಬರ್ದ ಮಕ್ಳಿಗೆ ನಾ ಅರ್ಧ ಮಾರ್ಕ್ ಕೊಡ್ತಿದ್ದೆ. ನಿಮ್ಗೂ ಅಷ್ಟೇ."

ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಬೊಚ್ಚುಬಾಯಿ ತೆರೆದು ನಕ್ಕರು. ರಾಘವ ರಸ್ತೆಯವರೆಗೆ ಚೀಲ ಹೊತ್ತುಕೊಂಡು ಬಂದ. ಇಬ್ಬರೂ ಹವೆಯ ವಿಷಯ ಮಾತಾಡಿದೆವು. ಬಸ್ಸು ಬೇಗ ಬಂತು.

ಮೂರನೆಯ ದಿನ ಬ್ರಹ್ಮಾವರ. ಆದ್ಯಳನ್ನು ನೋಡುತ್ತಿದ್ದ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ವಾರಕ್ಕೊಂದು ದಿನ ಅಲ್ಲಿಯ ಸಣ್ಣ ಕ್ಲಿನಿಕ್ಕಿಗೆ ಬರುತ್ತಾರೆ. ಕೋಟ, ಸಾಲಿಗ್ರಾಮ ದಾಟಿ ಮುಕ್ಕಾಲು ಗಂಟೆಯ ದಾರಿ. ಬಿಸಿಲು ಚುರುಕಾಗಿತ್ತು. ರಮ್ಯ ಬಸ್ಸಿನುದ್ದಕ್ಕೂ ದುಪಟ್ಟದ ತುದಿ ಸುತ್ತುತ್ತಾ ಕೂತಿದ್ದಳು. ಪ್ರಕಾಶ ಬರುತ್ತಾನೋ ಇಲ್ಲವೋ ಎಂಬ ಚಿಂತೆ. ಅವನು ಬ್ರಹ್ಮಾವರದಲ್ಲೇ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವವನು. ನಾವು ಇಳಿಯುವಾಗ ಬಸ್ ನಿಲ್ದಾಣದ ಹೊಟೇಲಿನ ಮುಂದೆ ನಿಂತಿದ್ದ. ನಮಗಾಗಿ ಗೋಲಿಬಜೆ ಕಟ್ಟಿಸಿದ್ದ. ರಮ್ಯಳ ಮುಖ ಆಗ ಸಡಿಲಾಯಿತು.

ಡಾಕ್ಟರಮ್ಮ ಬಯಲುಸೀಮೆಯ ಕಡೆಯವರು, ವಯಸ್ಸು ನಲವತ್ತರ ಒಳಗೆ. ದೊಡ್ಡ ಹಾಳೆಯೊಂದನ್ನು ಹರಡಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಅಪ್ಪ ಅಮ್ಮನ ಹತ್ತಿರ ಬಂದಾಗ, "ಇವರು ಸಂಬಂಧವಾ?" ಎಂದರು.

"ಅಣ್ಣ ತಂಗಿಯ ಮಕ್ಕಳು. ಆದರೆ ಬಳಿ ಬೇರೆ" ಎಂದೆ, ಅಭ್ಯಾಸಬಲ.

"ಬಳಿ ಯಾವುದಾದರೂ ಇರಲಿ ಟೀಚರ್, ಇಲ್ಲಿ ಎರಡು ಗೆರೆ ಎಳೀಬೇಕು" ಎಂದರು. ಸಂಬಂಧದ ಮದುವೆಗೆ ಅವರು ಜೋಡಿಗೆರೆ ಹಾಕುತ್ತಾರೆ. ಪೆನ್ನನ್ನು ನನ್ನ ಕೈಗೆ ಕೊಟ್ಟರು. ಅಪ್ಪ ಅಮ್ಮನ ನಡುವೆ ಒಂದು ಜೋಡಿಗೆರೆ, ಗಣೇಶ ಸುಜಾತರ ನಡುವೆ ಇನ್ನೊಂದು. ಹಾಳೆಯ ತುದಿಯಲ್ಲಿ ಆದ್ಯಳ ವೃತ್ತಕ್ಕೆ ಪೂರ್ತಿ ಕಪ್ಪು ತುಂಬಿದರು. ಅದರಿಂದ ಎರಡು ಸಾಲು ಮೇಲೆ ಇನ್ನೊಂದು ಕಪ್ಪು ಚೌಕ, ತೀರಿಹೋದವನೆಂದು ಅಡ್ಡಗೆರೆ ಎಳೆದದ್ದು.

"ಇವರ ಪೂರ್ತಿ ಹೆಸರು?"

"ಬಾಬು ಅಷ್ಟೇ" ಎಂದೆ. "ಶಾಲೆಗೆ ಸೇರಲಿಲ್ಲ. ದೊಡ್ಡ ಹೆಸರು ಬೇಕಾಗಲಿಲ್ಲ."

ಅವರು ಬಾಬು ಎಂದು ದುಂಡಗೆ ಬರೆದರು. ಅವನ ಹೆಸರನ್ನು ಯಾರಾದರೂ ಕಾಗದದ ಮೇಲೆ ಬರೆದದ್ದು ನಾನು ಕಂಡಂತೆ ಅದೇ ಮೊದಲ ಸಲ.

ಆಮೇಲೆ ರಮ್ಯಳ ಪ್ರಶ್ನೆ. "ಇಬ್ರಿಗೂ ಇದ್ರೆ ಎಂತ ಮಾಡೂದ್ ಮೇಡಂ? ಮದಿ ಆಪುಕಾಗ್ದಾ?"

"ಮದುವೆ ಬೇಡ ಅಂತ ಹೇಳೋಳು ನಾನಲ್ಲ" ಎಂದರು ಡಾಕ್ಟರಮ್ಮ. "ಇಬ್ಬರಿಗೂ ಇದ್ದರೆ ಪ್ರತಿ ಸಲ ಬಸುರಾದಾಗಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿ ತಿಳಿಯಬಹುದು. ಒಬ್ಬರಿಗೇ ಇದ್ದರೆ ಮಗುವಿಗೆ ಈ ಕಾಯಿಲೆಯ ಹೆದರಿಕೆ ಇಲ್ಲ. ಏನು ಮಾಡಬೇಕು ಅನ್ನೋದು ನೀವಿಬ್ಬರೂ ಸೇರಿ ತೀರ್ಮಾನಿಸೋ ಮಾತು. ಮನೆಯವರದ್ದಲ್ಲ."

ರಮ್ಯ ಪ್ರಕಾಶನ ಕಡೆ ತಿರುಗಿದಳು. "ಇದ್ರೂ ನಾ ನಿಮ್ನೇ ಮದಿ ಆಪ್ದ್. ಆರೆ ಗೊತ್ತಿದ್ದ್ ಆಪ್ದ್. ಅಕ್ಕಂಗೆ ಗೊತ್ತಿಲ್ದೇ ಆಯ್ತ್." ಪ್ರಕಾಶ ಅಂಗಿಯ ತೋಳು ಮಡಚಿ ರಕ್ತ ತೆಗೆಯುವ ಕುರ್ಚಿಯಲ್ಲಿ ಮೊದಲು ಹೋಗಿ ಕೂತ. ಅವನ ನಂತರ ರಮ್ಯ.

ನಾನೂ ಸೀರೆಯ ಸೆರಗು ಸರಿಸಿ ಕೂತೆ. "ನಿಮಗೆ ಬೇಕಾಗಿಲ್ಲ ಟೀಚರ್" ಎಂದರು. ಹಾಳೆಯಲ್ಲಿ ನನ್ನ ವೃತ್ತದೊಳಗೆ ಅವರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅದನ್ನು ತೋರಿಸಿ, "ಉತ್ತರ ಖಾಲಿ ಬಿಡುವುದು ನನಗೆ ಆಗುವುದಿಲ್ಲ" ಎಂದೆ. ನಕ್ಕು ಒಪ್ಪಿದರು.

ಮರುದಿನ ಸಂಜೆ, ಸೀಟು ಸಿಕ್ಕಿದ್ದು ಬಾರ್ಕೂರಿನಿಂದಲೇ ಆದ್ದರಿಂದ, ಅಲ್ಲಿ ಮುಂಬೈಯ ರೈಲು ಹತ್ತಿದೆ. ಶೀನ, ಸುಜಾತ, ಆದ್ಯ ಕಳಿಸಲು ಬಂದಿದ್ದರು. ಈ ಸಲ ಒಣಮೀನಿನ ಜೊತೆ ಇನ್ನೊಂದು ಸಾಮಾನು ಕಟ್ಟಿಕೊಟ್ಟಿದ್ದರು: ಆದ್ಯ ಕೂತು ಬಣ್ಣ ಹಚ್ಚಿದ ಮೀನಿನ ಚಿತ್ರ. ನಿನ್ನೆ ಅವಳಿಗೆ ಎರಡರ ಮಗ್ಗಿ ಹೇಳಿಕೊಟ್ಟಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಅವಳು ನನ್ನ ಕಡೆ ಎರಡೂ ಕೈ ಚಾಚಿದಳು. ಎಳೆಯಬೇಡ ಎಂದು ಹೇಳಲಿಲ್ಲ, ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿತ್ತು. ರೈಲು ಸೀತಾನದಿಯ ಸೇತುವೆ ದಾಟುವವರೆಗೂ ಅವಳ ಭಾರ ನನ್ನ ಅಂಗೈಯಲ್ಲಿತ್ತು. ಕುಂದಾಪುರ ಹಿಂದೆ ಸರಿಯಿತು. ಬೈಂದೂರಿನ ಮೊದಲು ಎಡಗಡೆ ತೆಂಗಿನ ಸಾಲಿನಾಚೆ ಉಪ್ಪುಂದ ಇದ್ದೀತೆಂದು ಕಿಟಕಿಗೆ ಮುಖ ಒತ್ತಿ ನೋಡಿದೆ. ನಲವತ್ತು ವರ್ಷ ಈ ಜಾಗ ಬಂದಾಗಲೆಲ್ಲ ನಾನು ಬಲಗಡೆ ನೋಡುತ್ತಿದ್ದೆ.

ಐದು ವಾರದ ನಂತರ ರಮ್ಯಳ ಫೋನು ಬಂತು. ನಿಶ್ಚಯವನ್ನು ಮುಂದೂಡಿ ಉತ್ತರಕ್ಕೆ ಕಾದಿದ್ದರು. ಒಂದೇ ಉಸಿರಿನಲ್ಲಿ ಹೇಳಿದಳು: "ಅತ್ತಿ, ಪ್ರಕಾಶಂಗಿತ್ತ್. ನಂಗಿಲ್ಲೆ! ಹೆದ್ರೂಕಿಲ್ಲ ಅಂದ್ರ್ ಡಾಕ್ಟ್ರ್. ಮದಿಗ್ ಬರ್ಕ್ ನೀವ್, ಪೇಪರ್ ತಿದ್ದೂಕಿತ್ತ್ ಅಂದ್ಕಂಡ್ ಸುಳ್ಳ್ ಹೇಳೂಕಾಗ." ಅವಳಿಗೂ ಆ ಸುಳ್ಳು ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಬರುತ್ತೇನೆ ಎಂದೆ. ಆಮೇಲೆ ಅವಳ ಸ್ವರ ತಗ್ಗಿತು. "ಅತ್ತಿ, ನಿಮ್ದೂ ಬಂದಿತ್ತ್. ನಿಮ್ಗಿತ್ತಂಬ್ರ್. ಒಂದ್ರಂಗೆ. ಬಾಬು ದೊಡ್ಡಪ್ಪಂದೇ ತಪ್ಪ್, ಆದ್ಯಂದೂ ಅದೇ ಅಕ್ಷರ. ಬೇಜಾರ್ ಮಾಡ್ಕಣ್ಬೇಡಿ."

ಬಾಬುವಿನ ಫೋಟೋ ಒಂದೂ ಇಲ್ಲ. ಅವನ ಅಂಗಿಗಳನ್ನು ಅಮ್ಮ ಕಡಲಿಗೆ ಬಿಟ್ಟಿದ್ದಳು. ಎಲೆಗಳೆಲ್ಲ ಅಂದಂದಿನ ಗೊಬ್ಬರಗುಂಡಿಗೆ ಹೋದವು. ಅವನದೆಂದು ಹೇಳಿಕೊಳ್ಳಲು ಈ ಲೋಕದಲ್ಲಿ ಏನೂ ಉಳಿದಿಲ್ಲವೆಂದು ಐವತ್ತು ವರ್ಷ ತಿಳಿದಿದ್ದೆ.

"ಬೇಜಾರ್ ಎಂತಕ್ಕೆ ಹೆಣೆ" ಎಂದೆ. "ಅದ್ ಬಾಬುದ್. ನನ್ ಹತ್ರವೇ ಇರ್ಲಿ."